ಕಿಟೆಲ್ ಮತ್ತು ಸಮಾಸಪದಗಳ ವಿವೇಚನೆ

ಕನ್ನಡ ಕೋಶರಚನೆಯ ಇತಿಹಾಸದಲ್ಲಿ ಫರ್ಡಿನೆಂಡ್ ಕಿಟೆಲ್ ಅವರದು ವಿಶಿಷ್ಟ ಸ್ಥಾನ. 1832ರಲ್ಲಿ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿದ್ದು ಧರ್ಮಪ್ರಚಾರದೊಡನೆ ಹಳಗನ್ನಡವನ್ನೂ ವ್ಯಾಸಂಗ ಮಾಡಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು.

ಶಬ್ದಮಣಿದರ್ಪಣದಲ್ಲಿ ಸಮಾಸಕ್ಕೇ ಒಂದು ಪ್ರಕರಣವಿದೆ. ಕನ್ನಡ ಪದ ಸಂಸ್ಕೃತ ಪದದೊಡನೆ ಕೂಡಿದರೆ ಅರಿಸಮಾಸವೆಂದು ನಿಷೇಧಿಸುವ ಕೇಶಿರಾಜ, ಬಿರುದಾವಳಿಗಳಲ್ಲಿಯೂ ಪೂರ್ವಕವಿಪ್ರಯೋಗಗಳಲ್ಲಿಯೂ ಅದಕ್ಕೆ ವಿನಾಯಿತಿ ನೀಡುತ್ತಾನೆ. ಕಾವ್ಯದ ಭಾಷೆಯನ್ನೂ ಆಡುಮಾತನ್ನೂ ಒಟ್ಟಿಗೆ ದಾಖಲಿಸಬೇಕಾದ ಕೋಶಕಾರನಿಗೆ ಕೇವಲ ನಿಯಮದ ಆಧಾರ ಸಾಲದು, ಪ್ರಯೋಗವೂ ಪ್ರಮಾಣವಾಗಬೇಕಾಗುತ್ತದೆ.

ಕನ್ನಡ ಸಮಾಸಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವುದು ಇನ್ನೊಂದು ಸಮಸ್ಯೆ. 'ಮುಂಗೈ'ಗೆ ಸಂವಾದಿಯಾದ 'ಫೋರ್‌ಆರ್ಮ್' ಕೂಡ ಸಮಾಸವೇ. 'ಕಣ್ಣೀರು' ಸಮಾಸವಾದರೂ ಅದರ ಸಂವಾದಿಯಾದ 'ಟಿಯರ್' ಒಂದೇ ಪದ. ಕನ್ನಡದಲ್ಲಿ 'ಹೆಮ್ಮರ', 'ಕೆಂದಾವರೆ'ಗಳಂತೆ ಕೂಡುವ ಪದಗಳು ರೂಪಾಂತರ ಹೊಂದುತ್ತವೆ. ಇಂಗ್ಲಿಷಿನಲ್ಲಿ ಪದಗಳು ಸಾಮಾನ್ಯವಾಗಿ ಮಾರ್ಪಡುವುದಿಲ್ಲ. 'ಬ್ಲ್ಯಾಕ್‌ಬೋರ್ಡ್' ಎಂಬಲ್ಲಿ ಪೂರ್ವಪದದ ಮೇಲಿನ ಒತ್ತೇ ಅದು ಸಮಾಸವೆಂಬುದನ್ನು ಸೂಚಿಸುತ್ತದೆ.

ಅನಾರೋಗ್ಯದಿಂದ 1877ರಲ್ಲಿ ಸ್ವದೇಶಕ್ಕೆ ಮರಳಿದ್ದ ಕಿಟೆಲ್, ಕೋಶವನ್ನು ಪೂರ್ಣಗೊಳಿಸಲು ಕುಟುಂಬವನ್ನು ಅಲ್ಲಿಯೇ ಬಿಟ್ಟು 1883ರಲ್ಲಿ ಮತ್ತೆ ಬಂದರು. 1892ರವರೆಗೆ ಇಲ್ಲಿದ್ದು ದುಡಿದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಳಗೊಂಡ ಅವರ ವ್ಯಾಕರಣಗ್ರಂಥ 1903ರಲ್ಲಿ ಹೊರಬಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ನಿಧನರಾದರು.

ಇಂಗ್ಲಿಷ್ ಸಮಾಸಗಳು ಕನ್ನಡದೊಳಗೇ ನೆಲೆಸಿರುವ ಇಂದು ಈ ಬಗೆಯ ವಿವೇಚನೆಗೆ ಹೊಸ ಪ್ರಸ್ತುತತೆ ಒದಗಿದೆ. ಬೆಂಗಳೂರಿನ ಹೊರವಲಯದ 'ವೈಟ್‌ಫೀಲ್ಡ್' ಬಿಳಿಯ ಬಯಲೆಂಬ ಕರ್ಮಧಾರಯದಂತೆ ತೋರುತ್ತದೆ. ಆದರೆ 1882ರಲ್ಲಿ ಆರಂಭವಾದ ಆಂಗ್ಲೋ-ಇಂಡಿಯನ್ನರ ಈ ನೆಲೆಗೆ ಡಿ. ಎಸ್. ವೈಟ್ ಅವರ ಹೆಸರನ್ನಿಡಲಾಯಿತು. ಆದುದರಿಂದ ಇದು ಷಷ್ಠೀ ತತ್ಪುರುಷ. 'ಎಲೆಕ್ಟ್ರಾನಿಕ್ ಸಿಟಿ ಬಸ್ ನಿಲ್ದಾಣ'ದಂತಹ ಮಿಶ್ರ ಪದಗಳನ್ನು ಅರಿಸಮಾಸವೆಂದು ತಳ್ಳಿಹಾಕಬೇಕೆ, ಪ್ರಯೋಗವೆಂದು ಅಂಗೀಕರಿಸಬೇಕೆ ಎಂಬ ಪ್ರಶ್ನೆಗೆ, ನಿಯಮದೊಡನೆ ಬಳಕೆಯನ್ನೂ ತೂಗುವ ಕೋಶಕಾರನ ದೃಷ್ಟಿಯೇ ಮಾರ್ಗದರ್ಶಕವಾಗಬಲ್ಲದು.