ಗಣಿತಸಾರ ಸಂಗ್ರಹಕಾರ ಶ್ರೀ ಮಹಾವೀರಾಚಾರ್ಯರು

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಪುಣ್ಯಭೂಮಿ. ಚಿತ್ತಾಪುರ, ಚಿಂಚೋಳಿಗಳನ್ನೊಳಗೊಂಡ ಈ ಸೀಮೆಯನ್ನು ಇಂದಿನವರು ಶಹಾಬಾದಿನ ಹಾಸುಗಲ್ಲಿನಿಂದಲೂ ವಾಡಿಯ ಸಿಮೆಂಟಿನಿಂದಲೂ ಗುರುತಿಸುತ್ತಾರೆ. ಆದರೆ ಭಗವಜ್ಜಿನಸೇನಾಚಾರ್ಯರ ಶಿಷ್ಯನಾದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (ಕ್ರಿ. ಶ. 814–878) ಈ ನಾಡಿನ ಕೀರ್ತಿಯು ವಿದ್ಯೆಯಿಂದ ಹಬ್ಬಿತ್ತು. ಆ ಕಾಲದ ಮಹಾಗಣಿತಜ್ಞರೇ ಶ್ರೀ ಮಹಾವೀರಾಚಾರ್ಯರು.

ಕ್ರಿ. ಶ. 850ರ ಸುಮಾರಿನಲ್ಲಿ ಆಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರ ಸಂಗ್ರಹ'ವನ್ನು ರಚಿಸಿದರು. ಗ್ರಂಥಾರಂಭದಲ್ಲಿ ಜಿನೇಂದ್ರನನ್ನು ವಂದಿಸಿ, ನೃಪತುಂಗನನ್ನು ಕೊಂಡಾಡಿದ ಅವರು ತಮ್ಮ ಕುಲಗೋತ್ರಗಳನ್ನು ಹೇಳಿಕೊಳ್ಳಲಿಲ್ಲ. ಒಂಬತ್ತು ಅಧಿಕಾರಗಳ ಈ ಕೃತಿಯಲ್ಲಿ ಭಿನ್ನರಾಶಿ, ತ್ರೈರಾಶಿಕ, ಅಸಲು-ಬಡ್ಡಿ, ಚಿನ್ನದ ಬೆರಕೆ, ಕ್ಷೇತ್ರಫಲ ಮುಂತಾದ ವಿಷಯಗಳಿವೆ. ಜಿನಪೂಜೆಗೆ ತಂದ ಹೂಗಳನ್ನು ಎಣಿಸುವ ಲೆಕ್ಕಗಳೂ ಉಂಟು. ಋಣರಾಶಿಗೆ ವರ್ಗಮೂಲವಿಲ್ಲವೆಂಬುದನ್ನು ಅವರು ಸ್ಪಷ್ಟವಾಗಿ ತಿಳಿಸಿದ್ದಾರೆ.

ಸಂಖ್ಯಾತ, ಅಸಂಖ್ಯಾತ, ಅನಂತಗಳನ್ನು ವಿವೇಚಿಸುವ ಜೈನಾಗಮಕ್ಕೆ ದೊಡ್ಡ ಸಂಖ್ಯೆಗಳು ಹೊಸತಲ್ಲ. ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಅವುಗಳಲ್ಲಿ 12345654321 ಎಂಬುದು ಅತಿ ರಮಣೀಯವಾದುದು. ಒಂದರಿಂದ ಆರರವರೆಗೆ ಏರಿ, ಮರಳಿ ಒಂದಕ್ಕೆ ಇಳಿಯುವ ಈ ಸಂಖ್ಯೆಯು 27994681ನ್ನು 441ರಿಂದ ಗುಣಿಸಿದಾಗ ದೊರೆಯುತ್ತದೆ. ಇವುಗಳಲ್ಲಿ ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111 ಬರುತ್ತದೆ. ಆದುದರಿಂದ ಆ ಹಾರವು ಆರು ಒಂದುಗಳ ವರ್ಗವೇ ಆಗಿದೆ. ಹಾಗೆಯೇ 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಮಾಲೆ ಮೂಡುತ್ತದೆ. ಕಾಗದ, ಯಂತ್ರಗಳಿಲ್ಲದ ಕಾಲದಲ್ಲಿ ಇಂತಹ ಗುಣಗಳನ್ನು ಕಂಡುಹಿಡಿದ ಪ್ರತಿಭೆಯು ಅಸಾಧಾರಣವಾದುದು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರು ಆಚಾರ್ಯರ ಹಿರಿಮೆಯನ್ನರಿತರು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜ ಶ್ರೀ ಜೈನ ಮಠದಿಂದ ಹೊರಬಂದಿತು. ಆಚಾರ್ಯರು ಹೊಗಳಿದ ದೊರೆಯ ನಾಡಿನ ಭಾಷೆಗೆ ಅವರ ಗ್ರಂಥವು ಬರಲು ಸಾವಿರದ ನೂರೈವತ್ತು ವರ್ಷಗಳು ಬೇಕಾದವು.

ಮಾನ್ಯಖೇಟದ ಅರಮನೆಗಳು ಅಳಿದವು. ಆಚಾರ್ಯರ ಹಾರದ ಒಂದು ಮಣಿಯೂ ಸವೆದಿಲ್ಲ. ಆದರೆ ಅದನ್ನು ಧರಿಸಬೇಕಾದ ಕೊರಳುಗಳು ಅದನ್ನು ಮರೆಯಬಾರದು. ಜೀರ್ಣವಾದ ಬಸದಿಯನ್ನು ಉದ್ಧರಿಸುವಂತೆಯೇ, ಪೂರ್ವಾಚಾರ್ಯರ ವಿದ್ಯೆಯನ್ನು ಮಕ್ಕಳಿಗೆ ಕಲಿಸುವುದೂ ಶ್ರಾವಕರ ಕರ್ತವ್ಯವಾಗಿದೆ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದಲ್ಲವೇ!