ಲೆಕ್ಕ ತಪ್ಪದ ಬಟ್ಟೆ ವ್ಯಾಪಾರಿ: ಹಝ್ರತ್ ಅಬೂಬಕರ್ ಸಿದ್ದೀಕ್ (ರ)

ರಮಝಾನ್ ಬಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಮನೆಗಳಲ್ಲಿ ಝಕಾತಿನ ಮಾತು ಬರುತ್ತದೆ. ಲೆಕ್ಕ ಹಾಕದೆ ಅಂದಾಜಿನಲ್ಲಿ ಒಂದಿಷ್ಟು ಹಂಚಿ ಸಮಾಧಾನಪಡುವವರೂ ಉಂಟು. ಇಸ್ಲಾಮಿನ ಮೊದಲ ಖಲೀಫರ ಬದುಕನ್ನು ಓದಿದರೆ ಅಂದಾಜು ಏಕೆ ಸಾಲದೆಂದು ನಿಮಗೆ ತಿಳಿಯುತ್ತದೆ.

ಹಝ್ರತ್ ಅಬೂಬಕರ್ (ರ) ಸುಮಾರು ಕ್ರಿ.ಶ. 573ರಲ್ಲಿ ಮಕ್ಕಾದ ಕುರೈಶ್ ಕುಲದಲ್ಲಿ ಜನಿಸಿದರು. ನಮ್ಮ ಕೊಳ್ಳೇಗಾಲದ ಅನೇಕರಂತೆ ಅವರದೂ ಬಟ್ಟೆ ವ್ಯಾಪಾರ. ಇಸ್ಲಾಂ ಸ್ವೀಕರಿಸಿದಾಗ ಅವರ ಬಳಿ 40,000 ದಿರ್ಹಮ್ ಇತ್ತೆಂದು ಚರಿತ್ರೆಕಾರರು ಬರೆದಿದ್ದಾರೆ. ಹಝ್ರತ್ ಬಿಲಾಲ್ (ರ) ಮೊದಲಾದ ಗುಲಾಮರ ಬಿಡುಗಡೆಗೆ ಅದನ್ನು ಖರ್ಚು ಮಾಡಿದರು. 622ರಲ್ಲಿ ಪ್ರವಾದಿಯವರ (ಸ) ಜೊತೆ ಮದೀನಾಕ್ಕೆ ಹಿಜ್ರತ್ ಹೊರಟಾಗ ಉಳಿದದ್ದು ಸುಮಾರು 5,000 ಮಾತ್ರ.

632ರಲ್ಲಿ ಪ್ರವಾದಿಯವರು (ಸ) ತೀರಿಕೊಂಡ ಮೇಲೆ ಅವರು ಖಲೀಫರಾದರು. ಆಗ ಕೆಲವು ಬುಡಕಟ್ಟುಗಳು ನಮಾಝ್ ಒಪ್ಪಿ, ಝಕಾತ್ ಕೊಡಲು ನಿರಾಕರಿಸಿದವು. ಹಝ್ರತ್ ಉಮರ್‌ರಂಥವರೇ (ರ) ಹಿಂಜರಿದರೂ ಅಬೂಬಕರ್ (ರ) ಬಗ್ಗಲಿಲ್ಲ. ನಮಾಝ್ ಅಲ್ಲಾಹನ ಹಕ್ಕಾದರೆ ಝಕಾತ್ ಸಂಪತ್ತಿನ ಮೇಲಿನ ಹಕ್ಕು; ಎರಡನ್ನೂ ಬೇರ್ಪಡಿಸಲಾಗದು ಎಂಬುದೇ ಅವರ ನಿಲುವು.

ವಸೂಲಿಯಲ್ಲಿ ಅನ್ಯಾಯವಾಗದಂತೆಯೂ ನೋಡಿಕೊಂಡರು. ಹಝ್ರತ್ ಅನಸ್‌ರನ್ನು (ರ) ಬಹ್ರೈನ್‌ಗೆ ಕಳಿಸುವಾಗ ದರಗಳನ್ನು ಬರೆದುಕೊಟ್ಟರು. ಐದಕ್ಕಿಂತ ಕಡಿಮೆ ಒಂಟೆಗಳಿಗೆ ಝಕಾತ್ ಇಲ್ಲ. 40ರಿಂದ 120 ಕುರಿಗಳಿಗೆ ಒಂದು ಕುರಿ. ಬೆಳ್ಳಿಯಲ್ಲಿ ನಲವತ್ತನೆಯ ಒಂದು ಪಾಲು. 190 ದಿರ್ಹಮ್ ಮಾತ್ರ ಇದ್ದವನಿಗೆ ಕಡ್ಡಾಯವಿಲ್ಲ, ಮನಸ್ಸಿದ್ದರೆ ಕೊಡಬಹುದು.

ಆ ನಲವತ್ತನೆಯ ಪಾಲೇ ಇಂದಿನ ಶೇಕಡಾ ಎರಡೂವರೆ. ಹನಫಿ ಲೆಕ್ಕದಲ್ಲಿ 200 ದಿರ್ಹಮಿನ ನಿಸಾಬ್ ಎಂದರೆ ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿ. ಒಂದು ಚಾಂದ್ರ ವರ್ಷ ತುಂಬಿದ ದಿನ ನೀವು ಕಾಗದ ಹಿಡಿದು ಕೂರಿರಿ. ಒಬ್ಬ ರೇಷ್ಮೆ ವ್ಯಾಪಾರಿಯ ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ 80,000 ರೂ., ಅಂಗಡಿಯ ಸೀರೆಗಳ ಮಾರಾಟ ಬೆಲೆ 2,00,000 ರೂ., ಒಡವೆಯ ಚಿನ್ನ ಅಂದಿನ ದರದಲ್ಲಿ 1,50,000 ರೂ. ಎನ್ನೋಣ. ಒಟ್ಟು 4,30,000. ತೀರಿಸಬೇಕಾದ ಸಾಲ 30,000 ಕಳೆಯಿರಿ. ಉಳಿದದ್ದು 4,00,000. ಇದು ಅಂದಿನ ಬೆಳ್ಳಿ ದರದ ನಿಸಾಬಿಗಿಂತ ಹೆಚ್ಚಿದ್ದರೆ ಝಕಾತ್ 10,000 ರೂ. ವಾಸದ ಮನೆ, ಮಗ್ಗ, ಓಡಾಡುವ ಬೈಕನ್ನು ಲೆಕ್ಕಕ್ಕೆ ಸೇರಿಸಬೇಕಿಲ್ಲ. ಅವನು ಅಂದಾಜಿನಲ್ಲಿ 4,000 ಕೊಟ್ಟು ಸುಮ್ಮನಾದರೆ ಉಳಿದ 6,000 ಅವನದಲ್ಲ. ಯಾವುದೋ ವಿಧವೆಯ ಪಡಿತರ, ಯಾವುದೋ ಬಡ ಹುಡುಗಿಯ ಕಾಲೇಜು ಶುಲ್ಕ ಅವನ ಬೀರುವಿನಲ್ಲಿ ಉಳಿದಂತೆ.

ಅಬೂಬಕರ್ (ರ) ತಮ್ಮ ಲೆಕ್ಕದಲ್ಲೂ ಅಷ್ಟೇ ಕಟ್ಟುನಿಟ್ಟು. ಖಲೀಫರಾದ ಮೇಲೂ ಬಟ್ಟೆ ಹೊತ್ತು ಸಂತೆಗೆ ಹೊರಟವರನ್ನು ತಡೆದು, ಸಹಾಬಿಗಳು ಬೈತುಲ್‌ಮಾಲ್‌ನಿಂದ ಸಂಬಳ ಗೊತ್ತುಮಾಡಿದರು. 634ರಲ್ಲಿ ಮರಣಶಯ್ಯೆಯಲ್ಲಿ ಆ ಹಣವನ್ನೂ ಹಿಂದಿರುಗಿಸಲು ಮನೆಯವರಿಗೆ ಹೇಳಿದರು. ಈ ವರ್ಷ ನಿಮ್ಮ ಲೆಕ್ಕವನ್ನೂ ಬರೆದಿಡಿ. ಸಂದೇಹವಿದ್ದರೆ ಆಲಿಮರನ್ನು ಕೇಳಿ, ಕೊಟ್ಟುಬಿಡಿ.