ನಾಯಿಗಳ ಮೇಷ್ಟ್ರು ರಿಚರ್ಡ್‌ಸನ್

ಎಡ್ವಿನ್ ರಿಚರ್ಡ್‌ಸನ್ (1863–1948) ಬ್ರಿಟಿಷ್ ಸೇನಾಧಿಕಾರಿ. ಯುದ್ಧಕ್ಕೆ ನಾಯಿಗಳು ಬೇಕೆಂದು ಅವರು ವರ್ಷಗಟ್ಟಲೆ ಹೇಳಿದರೂ ಸೇನೆ ಕಿವಿಗೊಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಟೆಲಿಫೋನ್ ತಂತಿಗಳು ತುಂಡಾಗಿ, ಸುದ್ದಿ ಒಯ್ಯುವ ಸೈನಿಕರು ಸಾಯತೊಡಗಿದರು. ಆಗ, 1917ರಲ್ಲಿ, ಶೂಬರಿನೆಸ್‌ನಲ್ಲಿ ನಾಯಿಗಳ ಶಾಲೆ ತೆರೆಯಲು ಅವರನ್ನೇ ಕರೆದರು. ಬ್ಯಾಟರ್ಸಿ ಆಶ್ರಯದ ಬೀದಿನಾಯಿಗಳು, ಜನರು ಮನೆಯಿಂದ ಕೊಟ್ಟ ಸಾಕುನಾಯಿಗಳು ಅಲ್ಲಿಯ ವಿದ್ಯಾರ್ಥಿಗಳು. ಸಾಹೇಬರ ಪತ್ನಿ ಬ್ಲಾಂಚ್ ಕೂಡ ಕಲಿಸುವುದರಲ್ಲಿ ಜೊತೆಗಿದ್ದರು. ತಪ್ಪು ಮಾಡಿದ ನಾಯಿಯನ್ನು ಹೊಡೆಯುವಂತಿರಲಿಲ್ಲ, ಪಾಠವನ್ನೇ ಮತ್ತೆ ಹೇಳಿಕೊಡಬೇಕಿತ್ತು. ಎಂಥ ಮೇಷ್ಟ್ರು ನೋಡಿ! ಪ್ರತಿ ನಾಯಿಗೂ ತನ್ನನ್ನು ನೋಡಿಕೊಳ್ಳುವ ಸೈನಿಕನೊಬ್ಬನಿದ್ದ. ಬೇರೆ ಯಾರೂ ಅದನ್ನು ಮುದ್ದಿಸಬಾರದು, ತಿನ್ನಲು ಕೊಡಬಾರದು. ಬೇರೆಯವರು ಅದನ್ನು ಮುಂದಿನ ಕಂದಕಕ್ಕೆ ಒಯ್ದು, ಕೊರಳಪಟ್ಟಿಗೆ ಚೀಟಿ ಕಟ್ಟಿ ಬಿಡುತ್ತಿದ್ದರು. ಅದು ಶೆಲ್‌ಗಳ ನಡುವೆ ಓಡುತ್ತಿತ್ತು, ಹಿಂದೆ ಕಾದಿರುವ ತನ್ನ ಸೈನಿಕನ ಬಳಿಗೆ.